ಮನೆಯ ಓವನ್‌ನಲ್ಲಿ ಕೇಕ್ ಕೆಡುವುದೇಕೆ?

ಈದ್ ಹತ್ತಿರ ಬಂತೆಂದರೆ ನಾನ್‌ಖತಾಯಿಯ ಹಿಟ್ಟನ್ನು ಮನೆಯಲ್ಲೇ ಕಲಸಿ, ತಟ್ಟೆಗಳಲ್ಲಿ ಸಾಲಾಗಿ ಜೋಡಿಸಿ, ಮೇಲೊಂದು ಬಿಳಿ ಬಟ್ಟೆ ಹೊದಿಸಿ ಊರಿನ ಬೇಕರಿಯ ಭಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ತಟ್ಟೆ ಯಾರದೆಂದು ತಿಳಿಯಲು ಒಂದು ಚೀಟಿ. ಸರದಿ ಬರುವವರೆಗೆ ಮಕ್ಕಳು ಬಾಗಿಲಲ್ಲಿ ಕಾಯಬೇಕು. ಭಟ್ಟಿಯವನು ಉದ್ದ ಹಿಡಿಕೆಯ ಸಲಿಕೆಯಿಂದ ತಟ್ಟೆಯನ್ನು ಒಳಗೆ ತಳ್ಳಿ, ಹೊತ್ತು ನೋಡಿ ಹೊರಗೆಳೆಯುತ್ತಿದ್ದ. ಹಿಟ್ಟು ಕಲಸುವುದು ಮನೆಯವರ ಕೆಲಸ. ಶಾಖದ ಜವಾಬ್ದಾರಿ ಭಟ್ಟಿಯವನದು.

ಇಂದು ಆ ಜವಾಬ್ದಾರಿ ನಮ್ಮ ಅಡುಗೆಮನೆಗೇ ಬಂದಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಓಟಿಜಿ ಅಥವಾ ಕನ್ವೆಕ್ಷನ್ ಮೈಕ್ರೋವೇವ್ ಇರುವ ಮನೆಗಳು ಈಗ ಅಪರೂಪವೇನಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆ, ಇಫ್ತಾರ್‌ಗೆ, ನಿಕಾಹ್‌ಗೆ ಮನೆಯಲ್ಲೇ ಕೇಕ್ ಮಾಡುವ ಸಹೋದರಿಯರಿದ್ದಾರೆ. ಮಾಡಿದ್ದನ್ನು ಮಾರಿ ಸಂಸಾರಕ್ಕೆ ನೆರವಾಗುವವರೂ ಇದ್ದಾರೆ. ಆದರೆ ಎಲ್ಲರ ದೂರೂ ಒಂದೇ: ಹೋದ ವಾರ ಚೆನ್ನಾಗಿ ಬಂದಿತ್ತು, ಈ ವಾರ ಅದೇ ಅಳತೆ ಹಾಕಿದರೂ ನಡು ಕುಸಿಯಿತು. ಮೇಲೆ ಕರಕಲು, ಒಳಗೆ ಹಸಿ. ನಾಲ್ಕು ಸಲ ಹೀಗಾದರೆ ಓವನ್ ಫ್ರಿಜ್ಜಿನ ಮೇಲೇರಿ ಪಾತ್ರೆ ಇಡುವ ಪೆಟ್ಟಿಗೆಯಾಗುತ್ತದೆ.

ಮೊಟ್ಟೆ, ಬೆಣ್ಣೆ, ತುಪ್ಪ ಯಾವುದೂ ಇಂದು ಅಗ್ಗವಲ್ಲ. ದುಂದುವೆಚ್ಚದ ಬಗ್ಗೆ, ಇಸ್ರಾಫ್ ಬಗ್ಗೆ ಜುಮಾ ಖುತ್ಬಾದಲ್ಲಿ ಕೇಳಿ ಮನೆಗೆ ಬಂದು, ಬೇಯದ ಕೇಕನ್ನು ಕಸದ ಬುಟ್ಟಿಗೆ ಸುರಿಯುವಾಗ ಮನಸ್ಸಿಗಾಗುವ ಕಸಿವಿಸಿ ನಮಗೆ ಗೊತ್ತು. ಹೀಗೆ ಕೆಡುವುದಕ್ಕೆ ಕೈಗುಣ ಕಾರಣವಲ್ಲ. ನಾವು ನಮ್ಮ ಓವನ್‌ನ ಒಳಗಿನ ಶಾಖವನ್ನು ಅಳೆದಿರುವುದಿಲ್ಲ, ಹಾಕುವ ಸಾಮಾನನ್ನು ತೂಗಿರುವುದಿಲ್ಲ. ಹೆಚ್ಚಿನ ತೊಂದರೆಗಳು ಈ ಎರಡರಲ್ಲೇ ಇವೆ.

ಭಟ್ಟಿಯ ಇಟ್ಟಿಗೆ, ಓವನ್‌ನ ತಗಡು

ಬೇಕರಿಯ ಭಟ್ಟಿ ದಪ್ಪ ಇಟ್ಟಿಗೆಯದು. ಸೌದೆ ಉರಿದು ಕೆಂಡವಾಗುವಷ್ಟರಲ್ಲಿ ಆ ಇಟ್ಟಿಗೆಗಳು ಶಾಖ ಕುಡಿದು ಗಂಟೆಗಟ್ಟಲೆ ಅದನ್ನು ನಿಧಾನವಾಗಿ ಬಿಡುತ್ತಿರುತ್ತವೆ. ಬಾಗಿಲು ತೆರೆದರೂ, ತಣ್ಣನೆಯ ತಟ್ಟೆ ಇಟ್ಟರೂ ಒಳಗಿನ ಬಿಸಿ ಅಷ್ಟಾಗಿ ಇಳಿಯುವುದಿಲ್ಲ. ನಮ್ಮ ಓವನ್ ತೆಳು ತಗಡಿನ ಪೆಟ್ಟಿಗೆ. ಬೇಗ ಕಾಯುತ್ತದೆ, ಬಾಗಿಲು ತೆರೆದರೆ ಅಷ್ಟೇ ಬೇಗ ಆರುತ್ತದೆ.

ಓಟಿಜಿಯ ಕಡ್ಡಿಗಳು ಒಂದೇ ಸಮನೆ ಉರಿಯುವುದಿಲ್ಲ. ಒಳಗಿರುವ ಥರ್ಮೋಸ್ಟಾಟ್ ನಿಗದಿತ ಬಿಸಿ ಬಂದೊಡನೆ ವಿದ್ಯುತ್ ಕಡಿದು, ಬಿಸಿ ಇಳಿದೊಡನೆ ಮತ್ತೆ ಕೊಡುತ್ತದೆ. ಆದ್ದರಿಂದ ಶಾಖ ಸದಾ ಏರಿಳಿಯುತ್ತಿರುತ್ತದೆ. ಗುಂಡಿಯನ್ನು 180ಕ್ಕೆ ತಿರುಗಿಸಿದರೆ ಒಳಗೆ 160 ಇರಬಹುದು, 200 ಕೂಡ ಇರಬಹುದು. ಒಂದೇ ಅಂಗಡಿಯಿಂದ ಒಂದೇ ದಿನ ತಂದ ಎರಡು ಓವನ್‌ಗಳು ಬೇರೆಬೇರೆ ಶಾಖ ಕೊಡುವುದುಂಟು. ಹೀಗಿರುವಾಗ ಬೇರೆಯವರ ಪಾಕವಿಧಾನದಲ್ಲಿ 180 ಡಿಗ್ರಿ, 40 ನಿಮಿಷ ಎಂದಿದ್ದರೆ ಅದು ಅವರ ಓವನ್‌ನ ಲೆಕ್ಕ.

ದೀಪ ಆರಿತೆಂದು ಕೂಡಲೇ ಟಿನ್ ಒಳಗಿಡುವುದು ಇನ್ನೊಂದು ತಪ್ಪು. ದೀಪ ಆರಿದಾಗ ಒಳಗಿನ ಗಾಳಿ ಕಾದಿರುತ್ತದೆ, ಗೋಡೆಗಳು ಪೂರ್ತಿ ಕಾದಿರುವುದಿಲ್ಲ. ಬಾಗಿಲು ತೆರೆದರೆ ಆ ಬಿಸಿಗಾಳಿಯೆಲ್ಲ ಹೊರಗೆ ಹೋಗುತ್ತದೆ. ದೀಪ ಆರಿದ ಮೇಲೂ 10 ನಿಮಿಷ ಕಾಯಿಸಿ. ಕೇಕ್ ಟಿನ್ ಇಟ್ಟು ಬಾಗಿಲನ್ನು ಬೇಗ ಮುಚ್ಚಿ.

ಒಳಗಿನ ಶಾಖ ತಿಳಿಯುವ ಬಗೆ

ಓವನ್ ಒಳಗೇ ಇಡುವ ಪುಟ್ಟ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೆಟ್ಟುಹೋಗುವ ಎರಡು ಕೇಕಿನ ಖರ್ಚಿಗಿಂತ ಅದು ಹೆಚ್ಚೇನಲ್ಲ. ಅದನ್ನು ನಡುವಿನ ಜಾಲರಿಯ ಮೇಲಿಟ್ಟು, ಓವನ್ ಕಾದ 20 ನಿಮಿಷದ ನಂತರ ಐದೈದು ನಿಮಿಷಕ್ಕೊಮ್ಮೆ ಗಾಜಿನ ಮೂಲಕ ನಾಲ್ಕು ಸಲ ನೋಡಿ. ನಾಲ್ಕರ ಸರಾಸರಿಯೇ ನಿಮ್ಮ ಓವನ್‌ನ ನಿಜವಾದ ಶಾಖ.

ಥರ್ಮಾಮೀಟರ್ ಸಿಗದಿದ್ದರೆ ಸಕ್ಕರೆಯೇ ಸಾಕು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಗುಂಡಿಯನ್ನು 175ಕ್ಕಿಟ್ಟು ಓವನ್ ಚೆನ್ನಾಗಿ ಕಾದ ಮೇಲೆ, ಅಲ್ಯೂಮಿನಿಯಂ ಹಾಳೆಯ ಪುಟ್ಟ ಬಟ್ಟಲಲ್ಲಿ ಒಂದು ಚಮಚ ಸಕ್ಕರೆ ಹಾಕಿ ನಡುವೆ 15 ನಿಮಿಷ ಇಡಿ. ಅದು ಕರಗಬಾರದು. ಕರಗಿದರೆ ಓವನ್ ಗುಂಡಿ ಹೇಳುವುದಕ್ಕಿಂತ ಹೆಚ್ಚು ಬಿಸಿ. ಕರಗದಿದ್ದರೆ ಆ ಸಕ್ಕರೆಯನ್ನು ಚಹಾಕ್ಕೆ ಹಾಕಿಕೊಳ್ಳಿ. ಆಮೇಲೆ ಗುಂಡಿಯನ್ನು 190ಕ್ಕೇರಿಸಿ, ಹೊಸ ಸಕ್ಕರೆಯಿಟ್ಟು ಮತ್ತೆ 15 ನಿಮಿಷ ನೋಡಿ. ಈಗ ಅದು ಕರಗಬೇಕು. ಕರಗದಿದ್ದರೆ ಓವನ್ ತಣ್ಣಗಿದೆ ಎಂದರ್ಥ. ಕರಗಿದ ಸಕ್ಕರೆ ಕುದಿಯುವ ನೀರಿಗಿಂತ ಹೆಚ್ಚು ಸುಡುತ್ತದೆ, ಮಕ್ಕಳನ್ನು ದೂರವಿಡಿ.

ಶಾಖ ಎಲ್ಲ ಕಡೆ ಸಮನಾಗಿದೆಯೇ ಎಂದು ನೋಡಲು ಬ್ರೆಡ್ ಹೋಳುಗಳನ್ನು ಜಾಲರಿಯ ತುಂಬ ಜೋಡಿಸಿ 180 ಡಿಗ್ರಿಯಲ್ಲಿ 6–8 ನಿಮಿಷ ಇಡಿ. ಯಾವ ಮೂಲೆಯ ಹೋಳು ಮೊದಲು ಕೆಂಪಾಯಿತೋ ಅಲ್ಲಿ ಶಾಖ ಹೆಚ್ಚು. ಇನ್ನು ಮುಂದೆ ಬಿಸ್ಕತ್ತಿನ ತಟ್ಟೆಯನ್ನು ಮುಕ್ಕಾಲು ಹೊತ್ತು ಕಳೆದ ಮೇಲೆ ಹಿಂದು ಮುಂದಾಗಿ ತಿರುಗಿಸಿಡಬೇಕೆಂದು ಗೊತ್ತಾಯಿತು. ಸುಟ್ಟ ಹೋಳುಗಳು ಡಬಲ್ ಕಾ ಮೀಠಾಗೆ ಆಗುತ್ತವೆ.

ಗುಂಡಿ 180 ಎಂದಾಗ ಒಳಗೆ 200 ಇರುವುದು ಖಚಿತವಾದರೆ 160ಕ್ಕಿಟ್ಟು ಬೇಯಿಸಿ. ಇದನ್ನು ಒಂದು ಚೀಟಿಯಲ್ಲಿ ಬರೆದು ಓವನ್‌ನ ಪಕ್ಕ, ಬಿಸಿ ತಗಲದ ಕಡೆ ಅಂಟಿಸಿ. ಮನೆಯಲ್ಲಿ ಯಾರೇ ಮಾಡಿದರೂ ಫಲ ಒಂದೇ ಬರುತ್ತದೆ.

ಹಿಟ್ಟಿನೊಳಗೆ ನಡೆಯುವುದೇನು?

ಕೇಕ್ ಹಿಟ್ಟು ಓವನ್ ಸೇರಿದ ಮೇಲೆ ಎರಡು ಕೆಲಸಗಳು ಒಟ್ಟಿಗೇ ನಡೆಯುತ್ತವೆ. ಬೆಣ್ಣೆ ಮೊಟ್ಟೆಗಳಲ್ಲಿ ನಾವು ಕಡೆದು ತುಂಬಿದ ಗಾಳಿ, ಬೇಕಿಂಗ್ ಪೌಡರಿನ ಅನಿಲ, ನೀರಿನ ಆವಿ ಎಲ್ಲವೂ ಹಿಗ್ಗಿ ಹಿಟ್ಟನ್ನು ಮೇಲಕ್ಕೆತ್ತುತ್ತವೆ. ಇತ್ತ ಮೈದಾದ ಪಿಷ್ಟ ಮತ್ತು ಮೊಟ್ಟೆ ಬೆಂದು ಗಟ್ಟಿಯಾಗುತ್ತವೆ. ಉಬ್ಬುವುದೂ ಗಟ್ಟಿಯಾಗುವುದೂ ಒಂದಕ್ಕೊಂದು ಹೊಂದಿಕೊಂಡರೆ ಕೇಕ್ ಸಮವಾಗಿ ಬರುತ್ತದೆ.

ಶಾಖ ಹೆಚ್ಚಾದರೆ ಅಂಚು ಮತ್ತು ಮೇಲ್ಭಾಗ ಮೊದಲೇ ಗಟ್ಟಿಯಾಗುತ್ತವೆ. ಒಳಗಿನ ಹಿಟ್ಟು ತಡವಾಗಿ ಉಬ್ಬಿ, ದಾರಿ ಕಾಣದೆ ನಡುವೆ ಬಿರುಕು ಬಿಡಿಸಿಕೊಂಡು ಗುಡ್ಡದಂತೆ ಮೇಲೇಳುತ್ತದೆ. ಶಾಖ ಕಡಿಮೆಯಾದರೆ ಗಟ್ಟಿಯಾಗುವ ಮೊದಲೇ ಅನಿಲ ಹೊರಟುಹೋಗಿ ಕೇಕ್ ಚಪ್ಪಟೆಯಾಗುತ್ತದೆ, ಹೆಚ್ಚು ಹೊತ್ತು ಇಡಬೇಕಾಗಿ ಒಣಗುತ್ತದೆ. ನಡು ಕುಸಿಯುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳು: ಪೂರ್ತಿ ಬೇಯುವ ಮೊದಲೇ ತೆಗೆದದ್ದು, ಬೇಯುವಾಗ ಬಾಗಿಲು ತೆರೆದದ್ದು, ಹೆಚ್ಚು ಉಬ್ಬಲೆಂದು ಬೇಕಿಂಗ್ ಪೌಡರ್ ಜಾಸ್ತಿ ಹಾಕಿದ್ದು. ಪೌಡರ್ ಹೆಚ್ಚಾದರೆ ಗುಳ್ಳೆಗಳು ಮಿತಿ ಮೀರಿ ಹಿಗ್ಗಿ ಒಡೆಯುತ್ತವೆ, ಕೇಕ್ ಕೂತುಬಿಡುತ್ತದೆ.

ಹೇಳಿದ ಹೊತ್ತಿನಲ್ಲಿ ಮುಕ್ಕಾಲು ಭಾಗ ಕಳೆಯುವವರೆಗೆ ಬಾಗಿಲು ಮುಟ್ಟಬೇಡಿ. ಆಮೇಲೆ ನಡುಭಾಗಕ್ಕೆ ಕಡ್ಡಿ ಚುಚ್ಚಿ ನೋಡಿ. ಅಂಚಿಗೆ ಚುಚ್ಚಿದರೆ ಉಪಯೋಗವಿಲ್ಲ, ಅಂಚು ಯಾವಾಗಲೂ ಮೊದಲು ಬೇಯುತ್ತದೆ. ಕಡ್ಡಿಗೆ ಹಸಿ ಹಿಟ್ಟು ಅಂಟಬಾರದು, ಬೆರಳಿಂದ ಒತ್ತಿದರೆ ಕೇಕ್ ಮತ್ತೆ ಮೇಲೇಳಬೇಕು, ಅಂಚು ಟಿನ್ನಿನಿಂದ ಸ್ವಲ್ಪ ಬಿಟ್ಟುಕೊಂಡಿರಬೇಕು. ಸಾಮಾನ್ಯ ಕೇಕ್ ಪೂರ್ತಿ ಬೆಂದಾಗ ಅದರ ನಡುವಿನ ಬಿಸಿ ಸುಮಾರು 95ರಿಂದ 98 ಡಿಗ್ರಿ ಇರುತ್ತದೆ.

ಟಿನ್ ಇಡುವ ಜಾಗವೂ ಮುಖ್ಯ. ಕೇಕಿನ ನಡುಭಾಗ ಓವನ್‌ನ ನಡುವಿಗೆ ಬರಬೇಕು. ಚಿಕ್ಕ ಓಟಿಜಿಯಲ್ಲಿ ಇದಕ್ಕಾಗಿ ಜಾಲರಿಯನ್ನು ಒಂದು ಹಂತ ಕೆಳಗಿಡಬೇಕಾಗುತ್ತದೆ. ಟಿನ್ನಿನ ಸುತ್ತ ಕನಿಷ್ಠ 2–3 ಸೆಂಟಿಮೀಟರ್ ಜಾಗವಿರಲಿ, ಹಿಟ್ಟು ಟಿನ್ನಿನ ಮೂರರಲ್ಲಿ ಎರಡು ಭಾಗ ಮೀರದಿರಲಿ. ಕಪ್ಪು ಟಿನ್ ಶಾಖವನ್ನು ಹೆಚ್ಚು ಹೀರುವುದರಿಂದ ಅದಕ್ಕೆ 10–15 ಡಿಗ್ರಿ ಕಡಿಮೆ ಸಾಕು. ಮೇಲ್ಭಾಗ ಬೇಗ ಕೆಂಪಾದರೆ, ಕೇಕ್ ಉಬ್ಬಿ ಗಟ್ಟಿಯಾದ ಮೇಲೆ, ಅಲ್ಯೂಮಿನಿಯಂ ಹಾಳೆಯನ್ನು ಕಡ್ಡಿಗಳಿಗೆ ತಾಗದಂತೆ ಸಡಿಲವಾಗಿ ಮುಚ್ಚಿ. ಫ್ಯಾನ್ ತಿರುಗುವ ಓವನ್ ಅಥವಾ ಕನ್ವೆಕ್ಷನ್ ಮೈಕ್ರೋವೇವ್ ಆದರೆ 15–20 ಡಿಗ್ರಿ ಇಳಿಸಿ. ಲೋಹದ ಟಿನ್ನನ್ನು ಕನ್ವೆಕ್ಷನ್ ಕ್ರಮದಲ್ಲಿ ಮಾತ್ರ ಬಳಸಬೇಕು, ಮೈಕ್ರೋವೇವ್ ಕ್ರಮದಲ್ಲಿ ಇಡಬಾರದು.

ಸಂಜೆಯ ಕರೆಂಟು

ನಮ್ಮ ಜಿಲ್ಲೆಯ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತಿದ್ದರೂ, ಸಂಜೆಯಾದರೆ ಮನೆಯ ಬಲ್ಬು ಮಂಕಾಗುವುದು ಹಲವರ ಅನುಭವ. ಇದರ ಪರಿಣಾಮ ಓವನ್ ಮೇಲೆ ನಾವಂದುಕೊಂಡದ್ದಕ್ಕಿಂತ ಹೆಚ್ಚು. ಕಡ್ಡಿಯ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಬರಬೇಕಾದಲ್ಲಿ 200 ಬಂದರೆ ಶಾಖ ಮುಕ್ಕಾಲು ಪಾಲಿಗೆ ಇಳಿಯುತ್ತದೆ. 1500 ವಾಟಿನ ಓವನ್ ಆಗ ಸುಮಾರು 1130 ವಾಟಿನದಾಗುತ್ತದೆ. ಕಾಯಲು ಹೆಚ್ಚು ಹೊತ್ತು ಬೇಕು, ಬಾಗಿಲು ತೆರೆದು ಮುಚ್ಚಿದ ಮೇಲೆ ಚೇತರಿಸಿಕೊಳ್ಳಲೂ ಹೆಚ್ಚು ಹೊತ್ತು ಬೇಕು. ಹೋದ ವಾರ ಬೆಳಿಗ್ಗೆ ಚೆನ್ನಾಗಿ ಬಂದ ಕೇಕ್ ಈ ವಾರ ಮಗ್ರಿಬ್ ಹೊತ್ತಿಗೆ ಕೆಟ್ಟದ್ದರ ಗುಟ್ಟು ಇಲ್ಲಿರಬಹುದು.

ರಮಝಾನ್‌ನಲ್ಲಿ ಇಫ್ತಾರ್‌ಗೆ ಬೇಕಾದದ್ದನ್ನು ಝುಹರ್ ನಂತರವೇ ಬೇಯಿಸಿಟ್ಟರೆ ಕೊನೆಯ ಗಳಿಗೆಯ ಗಡಿಬಿಡಿಯೂ ತಪ್ಪುತ್ತದೆ. ನಡುವೆ ಕರೆಂಟು ಹೋದರೆ ಬಾಗಿಲು ತೆರೆಯದೆ ಹಾಗೇ ಬಿಡಿ. ಐದಾರು ನಿಮಿಷದಲ್ಲಿ ಬಂದರೆ ಅಷ್ಟು ಹೊತ್ತು ಹೆಚ್ಚಿಗೆ ಬೇಯಿಸಿದರೆ ಕೇಕ್ ಉಳಿಯುವ ಸಾಧ್ಯತೆ ಇದೆ.

ಸುರಕ್ಷತೆಯ ಒಂದು ಮಾತು. 1500 ವಾಟಿನ ಓವನ್ ಆರೂವರೆ ಆಂಪಿಯರ್ ಎಳೆಯುತ್ತದೆ. ಮಿಕ್ಸಿ, ಚಾರ್ಜರ್ ಹಾಕುವ 6 ಆಂಪಿಯರಿನ ಸಾಕೆಟ್ ಇದಕ್ಕೆ ಸಾಲದು. 16 ಆಂಪಿಯರಿನ ಸಾಕೆಟ್‌ಗೇ ಹಾಕಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಒಮ್ಮೆ ಕಾಯಿಸಿದ ಓವನ್‌ನಲ್ಲಿ ಎರಡು ಮೂರು ಬಗೆ ಸಾಲಾಗಿ ಬೇಯಿಸಿದರೆ ಕರೆಂಟಿನ ಖರ್ಚು ಉಳಿಯುತ್ತದೆ.

ಅಡುಗೆಮನೆಯ ತಕ್ಕಡಿ

ಅಳತೆ ಮತ್ತು ತೂಕದಲ್ಲಿ ಕಡಿತ ಮಾಡುವವರನ್ನು ಎಚ್ಚರಿಸುವ ಒಂದು ಸೂರಾ ಕುರ್‌ಆನ್‌ನಲ್ಲಿದೆ. ಸೂರಾ ಅಲ್ ಮುತಫ್ಫಿಫೀನ್ ಎಂಬ ಅದರ ಹೆಸರೇ ತೂಕದಲ್ಲಿ ವಂಚಿಸುವವರನ್ನು ಸೂಚಿಸುತ್ತದೆ. ಅದು ಅಂಗಡಿಯವರಿಗೆ ಹೇಳಿದ್ದೆಂದು ನಾವು ಕೇಳಿ ಸುಮ್ಮನಾಗುತ್ತೇವೆ. ಆದರೆ ಅಳತೆಯ ಶಿಸ್ತು ನಮ್ಮ ಒಲೆಯ ಮುಂದೆಯೂ ಬೇಕು.

ಒಂದೇ ಕಪ್ಪಿಗೆ ಮೈದಾವನ್ನು ಚಮಚದಿಂದ ಸಡಿಲವಾಗಿ ತುಂಬಿದರೆ ಸುಮಾರು 120 ಗ್ರಾಂ. ಡಬ್ಬಿಯೊಳಗೆ ಕಪ್ಪನ್ನೇ ಅದ್ದಿ ಒತ್ತಿ ತುಂಬಿದರೆ 150 ಗ್ರಾಂ. ಮೂರು ಕಪ್ಪು ಮೈದಾ ಹಾಕುವಾಗ 90 ಗ್ರಾಂ ವ್ಯತ್ಯಾಸ ಬಂದರೆ ಕೇಕ್ ಗಟ್ಟಿಯಾಗದೆ ಇನ್ನೇನಾದೀತು? ಇನ್ನು ಒಬ್ಬರ ಮನೆಯ ಕಪ್ಪು ಇನ್ನೊಬ್ಬರ ಮನೆಯ ಲೋಟ. ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಈ ಗೊಂದಲ ಮುಗಿಯುತ್ತದೆ.

ತಕ್ಕಡಿ ಇದ್ದವರಿಗೆ ಮರೆಯಲಾಗದ ಒಂದು ಸುಲಭ ಲೆಕ್ಕ ಹೇಳುತ್ತೇವೆ. ಮೂರು ಮೊಟ್ಟೆಗಳನ್ನು ಚಿಪ್ಪಿನೊಂದಿಗೆ ತೂಗಿ. 160 ಗ್ರಾಂ ಬಂತೆನ್ನಿ. ಮೈದಾ 160, ಸಕ್ಕರೆ ಪುಡಿ 160, ಬೆಣ್ಣೆ 160. ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಬೆಣ್ಣೆ ಸಕ್ಕರೆಯನ್ನು ಬಣ್ಣ ಬಿಳಿಚುವವರೆಗೆ ಕಡೆಯಿರಿ. ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ. ಪೌಡರ್ ಬೆರೆಸಿ ಜರಡಿ ಹಿಡಿದ ಮೈದಾವನ್ನು ಕೊನೆಗೆ ಹಾಕಿ, ಹಿಟ್ಟು ಕಾಣೆಯಾಗುವವರೆಗೆ ಮಾತ್ರ ಕೈಯಾಡಿಸಿ. ಹೆಚ್ಚು ಕಲಸಿದರೆ ಮೈದಾ ಜಿಗುಟಾಗಿ ಕೇಕ್ ರಬ್ಬರಿನಂತಾಗುತ್ತದೆ. 7 ಇಂಚಿನ ಟಿನ್ನಿನಲ್ಲಿ, ನಿಜವಾದ 165–170 ಡಿಗ್ರಿಯಲ್ಲಿ, 40ರಿಂದ 50 ನಿಮಿಷ. ಓವನ್ ಪರೀಕ್ಷಿಸಿದ ಮೇಲೆ ಮೊದಲು ಇದನ್ನೇ ಮಾಡಿ ನೋಡಿ. ಇದು ಸರಿಯಾಗಿ ಬಂದರೆ ಉಳಿದದ್ದೆಲ್ಲ ಬರುತ್ತದೆ.

ಹೋದ ಈದ್‌ಗೆ ತೆರೆದ ಬೇಕಿಂಗ್ ಪೌಡರ್ ಡಬ್ಬಿಯನ್ನು ನಂಬಬೇಡಿ. ಅರ್ಧ ಕಪ್ ಬಿಸಿನೀರಿಗೆ ಒಂದು ಚಮಚ ಹಾಕಿ, ಜೋರಾಗಿ ನೊರೆ ಬಂದರೆ ಸರಿ. ಅಡುಗೆ ಸೋಡಾವನ್ನು ನಿಂಬೆರಸ ಹಾಕಿ ಪರೀಕ್ಷಿಸಬೇಕು. ಸೋಡಾ ಕೆಲಸ ಮಾಡಲು ಮೊಸರು, ಮಜ್ಜಿಗೆ, ನಿಂಬೆಯಂಥ ಹುಳಿ ಬೇಕು. ಹುಳಿ ಇಲ್ಲದ ಹಿಟ್ಟಿಗೆ ಬೇಕಿಂಗ್ ಪೌಡರ್ ಬದಲು ಸೋಡಾ ಸುರಿದರೆ ಸಾಬೂನಿನ ರುಚಿ ಬರುತ್ತದೆ.

ನಮ್ಮ ಹವೆ, ನಮ್ಮ ಬೆಳೆ

ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ, ಹಿರಿಯೂರು ಅದಕ್ಕಿಂತ ತಗ್ಗಿನಲ್ಲಿದೆ. ಎತ್ತರದ ಊರುಗಳಲ್ಲಿ ಬೇಕಿಂಗ್ ಪೌಡರ್ ಕಡಿಮೆ ಮಾಡಬೇಕೆಂಬ ಮಾತು ಸುಮಾರು 900 ಮೀಟರ್ ದಾಟಿದ ಮೇಲಿನದು. ಹಾಗಾಗಿ ನಮಗೆ ಆ ಲೆಕ್ಕದ ಚಿಂತೆ ಬೇಡ.

ನಮ್ಮ ತೊಂದರೆ ಬಿಸಿಲು ಮತ್ತು ಒಣಹವೆ. ಕಡೆಯುವ ಬೆಣ್ಣೆ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಗಾಳಿ ಹಿಡಿದಿಡುತ್ತದೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದಲ್ಲಿ ಅದು ಎಣ್ಣೆಯಾಗಿ ಹರಿಯುತ್ತದೆ, ಕಡೆದರೂ ಗಾಳಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಫಜ್ರ್ ನಮಾಝಿನ ನಂತರದ ತಂಪಿನಲ್ಲಿ ಈ ಕೆಲಸ ಮಾಡುವುದೇ ಒಳ್ಳೆಯದು. ಇಲ್ಲವೇ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಕಡೆಯಿರಿ. ಒಣಹವೆಯಲ್ಲಿ ಮೈದಾವೂ ಒಣಗಿರುತ್ತದೆ, ಬ್ರೆಡ್ ಅಥವಾ ಬನ್ನಿನ ಹಿಟ್ಟು ಒಂದೆರಡು ಚಮಚ ನೀರು ಹೆಚ್ಚಿಗೆ ಕೇಳುತ್ತದೆ. ಹಿಟ್ಟು ಹುದುಗುವಾಗ ಒದ್ದೆ ಬಟ್ಟೆ ಮುಚ್ಚದಿದ್ದರೆ ಮೇಲೆ ಹೊಪ್ಪಳೆ ಕಟ್ಟುತ್ತದೆ.

ಹೊಸದುರ್ಗದ ರಾಗಿ, ಸಿರಿಧಾನ್ಯಗಳನ್ನು ಕೇಕಿಗೆ ಬಳಸಲು ಈಗ ಹಲವರು ಬಯಸುತ್ತಾರೆ. ಇವುಗಳಲ್ಲಿ ಗೋಧಿಯ ಅಂಟು ಇಲ್ಲ, ಪೂರ್ತಿ ರಾಗಿಯ ಕೇಕ್ ಉದುರಿಹೋಗುತ್ತದೆ. ಮೈದಾದ ಮೂರನೇ ಒಂದು ಪಾಲಿನಷ್ಟು ರಾಗಿ ಹಾಕಿ. ಹಾಕುವ ಮೊದಲು ಅದನ್ನು ಸ್ವಲ್ಪ ಹಾಲಿನಲ್ಲಿ 15 ನಿಮಿಷ ನೆನೆಸಿದರೆ ಬಾಯಿಗೆ ಮರಳಿನಂತೆ ಸಿಗುವುದಿಲ್ಲ. ಹಿರಿಯೂರು, ಹೊಳಲ್ಕೆರೆಯ ತೋಟಗಳ ತೆಂಗಿನಕಾಯಿ ಮನೆಯಲ್ಲಿದ್ದರೆ ಕಾಯಿ ಬಿಸ್ಕತ್ತು ಮಾಡಬಹುದು. ಆದರೆ ಹಸಿ ತುರಿಯ ತೂಕದಲ್ಲಿ ಹತ್ತಿರಹತ್ತಿರ ಅರ್ಧ ನೀರೇ ಇರುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನೀರು ಆರುವವರೆಗೆ ಹುರಿದು, ತಣಿಸಿ ಬಳಸಿ. ಬೆಲ್ಲ ಅಥವಾ ಖರ್ಜೂರ ಹಾಕಿದ ಕೇಕ್ ಬೇಗ ಕಪ್ಪಾಗುತ್ತದೆ, ಅದಕ್ಕೆ 10 ಡಿಗ್ರಿ ಕಡಿಮೆ ಮಾಡಿ ಸ್ವಲ್ಪ ಹೆಚ್ಚು ಹೊತ್ತು ಇಡಿ.

ಈದ್‌ನ ನಾನ್‌ಖತಾಯಿ

ಭಟ್ಟಿಯ ನಾನ್‌ಖತಾಯಿ ಮನೆಯಲ್ಲಿ ಬಾರದು ಎಂಬ ಮಾತಿದೆ. ಬರುತ್ತದೆ. ಮೈದಾ 150 ಗ್ರಾಂ, ಕಡಲೆಹಿಟ್ಟು 50 ಗ್ರಾಂ, ಸಕ್ಕರೆ ಪುಡಿ 100 ಗ್ರಾಂ, ಹೆಪ್ಪುಗಟ್ಟಿದ ತುಪ್ಪ 120 ಗ್ರಾಂ, ಕಾಲು ಟೀ ಚಮಚ ಸೋಡಾ, ಏಲಕ್ಕಿ, ಚಿಟಿಕೆ ಉಪ್ಪು. ತುಪ್ಪ ಸಕ್ಕರೆಯನ್ನು ಐದು ನಿಮಿಷ ಕೈಯಿಂದ ತಿಕ್ಕಿ ಹಗುರಾಗಿಸಿ, ಹಿಟ್ಟುಗಳನ್ನು ಸೇರಿಸಿ. 20 ಗ್ರಾಂನಂತೆ ತೂಗಿದರೆ 21 ಉಂಡೆಗಳಾಗುತ್ತವೆ. ಎಲ್ಲವೂ ಒಂದೇ ಗಾತ್ರವಿದ್ದರೆ ಒಟ್ಟಿಗೆ ಬೇಯುತ್ತವೆ. ತಟ್ಟೆಯಲ್ಲಿ ಜೋಡಿಸಿ 20 ನಿಮಿಷ ಫ್ರಿಜ್ಜಿನಲ್ಲಿಟ್ಟು, ಆಮೇಲೆ 160 ಡಿಗ್ರಿಯಲ್ಲಿ 18–20 ನಿಮಿಷ.

ನಾನ್‌ಖತಾಯಿ ರೊಟ್ಟಿಯಂತೆ ಹರಡಿಕೊಂಡರೆ ತುಪ್ಪ ಕರಗಿತ್ತು ಅಥವಾ ಓವನ್ ಕಾದಿರಲಿಲ್ಲ ಎಂದರ್ಥ. ತುಪ್ಪ ಹರಿಯುವ ಮೊದಲೇ ಅಂಚು ಗಟ್ಟಿಯಾಗಲು ಓವನ್ ಸಿದ್ಧವಾಗಿರಬೇಕು. ಮೇಲ್ಭಾಗ ಕೆಂಪಾಗುವವರೆಗೆ ಕಾಯಬೇಡಿ, ತಳ ಹೊಂಬಣ್ಣಕ್ಕೆ ತಿರುಗಿದರೆ ಸಾಕು. ತೆಗೆದಾಗ ಮೆತ್ತಗಿದೆಯೆಂದು ಮತ್ತೆ ಒಳಗಿಡುವವರು ಬಹಳ. ಹತ್ತು ನಿಮಿಷ ತಟ್ಟೆಯಲ್ಲೇ ಬಿಡಿ, ಆರುತ್ತಾ ಗರಿಯಾಗುತ್ತದೆ.

ಕಲಸುವ ಮೊದಲು ಓದಿ

ಒಳ್ಳೆಯ ಕೇಕ್ ಎಂದರೆ ನಮಗೆ ಹಲಾಲ್ ಕೇಕ್ ಕೂಡ. ಸಾಮಾನಿನ ಪೊಟ್ಟಣ ಬಿಚ್ಚುವ ಮೊದಲು ಹಿಂಬದಿ ಓದುವ ಅಭ್ಯಾಸವಿರಲಿ. ಜಿಲೆಟಿನ್ ಪ್ರಾಣಿಯ ಚರ್ಮ, ಮೂಳೆಗಳಿಂದ ಬರುತ್ತದೆ. ಯಾವ ಪ್ರಾಣಿ, ಹೇಗೆ ಕೊಯ್ದದ್ದು ಎಂದು ತಿಳಿಯದಿದ್ದರೆ ಚೈನಾ ಗ್ರಾಸ್ ಬಳಸಿ. ಇ120 ಎಂಬ ಕೆಂಪು ಬಣ್ಣ ಕೀಟದಿಂದ ತೆಗೆದದ್ದು. ಇ471 ಎಂಬುದು ಸಸ್ಯದಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲಿನ ಹಸಿರು ಗುರುತು ಅದು ಸಸ್ಯಾಹಾರವೆಂದು ಹೇಳುತ್ತದೆ, ಇವುಗಳ ಮಟ್ಟಿಗೆ ಅದು ನೆರವಾಗುತ್ತದೆ. ಆದರೆ ಹಸಿರು ಗುರುತು ಮದ್ಯಸಾರದ ಬಗ್ಗೆ ಏನೂ ಹೇಳುವುದಿಲ್ಲ. ವೆನಿಲ್ಲಾದಂಥ ಕೆಲವು ಸಾರಗಳನ್ನು ಮದ್ಯಸಾರದಲ್ಲಿ ಕರಗಿಸಿರುತ್ತಾರೆ. ಮದ್ಯಸಾರವಿಲ್ಲದ್ದು ಎಂದು ಬರೆದಿರುವುದನ್ನೇ ಕೊಳ್ಳಿ. ಸಂದೇಹವಿದ್ದರೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿ.

ಮಾರುವ ಸಹೋದರಿಯರಿಗೆ

ಮನೆಯಿಂದ ಕೇಕ್ ಮಾರುವುದು ಹಲಾಲ್ ದುಡಿಮೆ. ಆಹಾರ ಸುರಕ್ಷತೆಯ 2006ರ ಕಾಯ್ದೆಯಡಿ ಮನೆಯಲ್ಲಿ ಮಾಡಿ ಮಾರುವವರೂ ನೋಂದಣಿ ಮಾಡಿಸಿಕೊಳ್ಳಬೇಕು. ಅದು ಗಿರಾಕಿಗೂ ನಂಬಿಕೆ ಕೊಡುತ್ತದೆ.

ನಂಬಿಕೆಯ ಮಾತು ಬಂದಾಗ ಪ್ರವಾದಿವರ್ಯರ(ಸ) ಕಾಲದ ಒಂದು ಪ್ರಸಂಗ ನೆನಪಾಗುತ್ತದೆ. ಅವರು ಮಾರುಕಟ್ಟೆಯಲ್ಲಿ ಧಾನ್ಯದ ಒಂದು ರಾಶಿಯ ಬಳಿ ನಿಂತು ಅದರೊಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ರಾಶಿ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಒದ್ದೆ ಭಾಗವನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿದರು. ಮೋಸ ಮಾಡುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ಈ ಹದೀಸನ್ನು ನಾವು ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ.

ನಡು ಬೇಯದ ಕೇಕ್ ಕೈಯಲ್ಲಿದೆ, ಗಿರಾಕಿ ಸಂಜೆ ಆರಕ್ಕೆ ಬರುತ್ತಾರೆ, ಮತ್ತೊಂದು ಮಾಡಲು ಹೊತ್ತಿಲ್ಲ, ಮೊಟ್ಟೆಯೂ ಇಲ್ಲ. ಕುಸಿದ ಗುಂಡಿಗೆ ಕ್ರೀಮ್ ತುಂಬಿ, ಮೇಲೆ ಹೂವು ಬಿಡಿಸಿದರೆ ಯಾರಿಗೂ ಕಾಣುವುದಿಲ್ಲ. ಈ ಗಳಿಗೆ ಮಾರುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಆ ಕ್ರೀಮಿನ ಕೆಳಗಿರುವುದು ಆ ರಾಶಿಯ ಒದ್ದೆಯೇ. ಹಸಿ ಮೊಟ್ಟೆಯ ಹಿಟ್ಟು ಮಗುವಿನ ಹೊಟ್ಟೆ ಕೆಡಿಸಬಹುದು. ಫೋನ್ ಮಾಡಿ ನಿಜ ಹೇಳಿ, ಮುಂಗಡ ಹಿಂದಿರುಗಿಸಿ. ಆ ದಿನದ ನಷ್ಟ ದೊಡ್ಡದೆನಿಸಿದರೂ ನಿಜ ಹೇಳಿದವರ ಬಳಿಗೆ ಗಿರಾಕಿ ಮತ್ತೆ ಬರುತ್ತಾರೆ. ಒಂದು ಕಿಲೋ ಎಂದು ಹೇಳಿದ ಕೇಕನ್ನು ಡಬ್ಬಿಯಿಲ್ಲದೆ ತೂಗಿ ಕೊಡಿ. ಕುಸಿದ ಕೇಕನ್ನು ಎಸೆಯುವುದೂ ಬೇಡ. ಬೇಯದ ನಡುವನ್ನು ತೆಗೆದು ಬೆಂದ ಅಂಚುಗಳನ್ನು ತುಂಡು ಮಾಡಿ ಓವನ್‌ನಲ್ಲಿ ಗರಿಗರಿಯಾಗಿಸಿದರೆ ಮನೆಯ ಮಕ್ಕಳಿಗೆ ಸಂಜೆಯ ರಸ್ಕ್ ಆಯಿತು.

ಇಂಥ ಗಳಿಗೆ ಬಾರದಂತೆ ನೋಡಿಕೊಳ್ಳಲಿಕ್ಕೇ ಮೇಲೆ ಹೇಳಿದ ಥರ್ಮಾಮೀಟರ್, ತಕ್ಕಡಿ, ಕಡ್ಡಿ. ಜೊತೆಗೆ ಒಂದು ನೋಟ್‌ಬುಕ್ ಇಡಿ. ಏನು ಮಾಡಿದೆವು, ಎಷ್ಟು ಗ್ರಾಂ, ಗುಂಡಿ ಎಷ್ಟಕ್ಕಿತ್ತು, ಎಷ್ಟು ನಿಮಿಷ, ಹೇಗೆ ಬಂತು ಎಂದು ಪ್ರತಿಸಲ ನಾಲ್ಕು ಸಾಲು ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹತ್ತು ಕೇಕ್ ಆಗುವಷ್ಟರಲ್ಲಿ ಭಟ್ಟಿಯವನಿಗೆ ತನ್ನ ಭಟ್ಟಿ ಗೊತ್ತಿದ್ದಂತೆ ನಿಮಗೆ ನಿಮ್ಮ ಓವನ್ ಗೊತ್ತಾಗಿರುತ್ತದೆ, ಇನ್‌ಶಾ ಅಲ್ಲಾಹ್.

ಮಾಡುವ ಪ್ರತಿಯೊಂದು ಕೆಲಸವನ್ನೂ ಚೆನ್ನಾಗಿ ಮಾಡಬೇಕೆಂಬ ಇಹ್ಸಾನ್‌ನ ಪಾಠ ಅಡುಗೆಮನೆಗೂ ಸೇರಿದ್ದು. ಮೊದಲ ಸಲ ಸರಿಯಾಗಿ ಉಬ್ಬಿ ಬಂದ ಕೇಕಿನಲ್ಲಿ ಪಕ್ಕದ ಮನೆಗೂ ಒಂದು ತುಂಡು ಹೋಗಲಿ. ಅಲ್ಲಾಹನು ನಮ್ಮ ಕೈಕೆಲಸದಲ್ಲಿ ಬರ್ಕತ್ ನೀಡಲಿ, ನಮ್ಮ ಗಳಿಕೆಯನ್ನು ಹಲಾಲ್ ಆಗಿರಿಸಲಿ. ಆಮೀನ್.